ಮುಬಶಿರಾ ಬರೆದ ಅಳತೆ

ನವಲಗುಂದದ ಜಮಾಲಬಿಯವರ ಮನೆಯಲ್ಲಿ ಮಗ್ಗದ ಕೆಲಸ ಸೊಸೆಯರದು. ಹೆಣ್ಣುಮಕ್ಕಳಿಗೆ ಅದನ್ನು ಕಲಿಸುವುದಿಲ್ಲ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವವಳು, ಹೋಗುವಾಗ ಜಮಖಾನೆಯ ಚಿತ್ತಾರಗಳನ್ನೂ ಬೆರಳಲ್ಲಿ ಕಟ್ಟಿಕೊಂಡು ಹೋಗುತ್ತಾಳೆ ಎಂಬುದು ಅದರ ಹಿಂದಿನ ವಿಚಾರ. ಅವರ ಮಗಳು ಮುಬಶಿರಾ ಬೆಳೆದದ್ದು ಮಗ್ಗದ ಕೋಣೆಯ ಪಕ್ಕದ ಕೋಣೆಯಲ್ಲಿ. ನೇಯ್ದ ಸಾಲನ್ನು ಒತ್ತಿ ಕೂರಿಸುವ ಕಬ್ಬಿಣದ ಹಣಿಗೆ ನೂಲಿನ ಮೇಲೆ ಬೀಳುವ ಸದ್ದನ್ನು ಗೋಡೆಯ ಈಚೆ ಕೇಳುತ್ತಲೇ ಅವಳು ಮಗ್ಗಿ ಕಲಿತಳು, ಪಿಯುಸಿ ಓದಿದಳು. ಆ ಕೋಣೆಗೆ ಅವಳು ನೀರು ಒಯ್ಯಬಹುದಿತ್ತು, ಕಸ ಗುಡಿಸಬಹುದಿತ್ತು, ನೂಲಿನ ಉಂಡೆ ಸುತ್ತಿಕೊಡಬಹುದಿತ್ತು. ಮಗ್ಗದ ಮುಂದಿನ ಹಲಗೆಯ ಮೇಲೆ ಕೂರುವಂತಿರಲಿಲ್ಲ. ಇದನ್ನು ಯಾರೂ ಗದರಿಸಿ ಹೇಳಿದ್ದಲ್ಲ. ಅವಳೂ ಯಾಕೆಂದು ಕೇಳಿದ್ದಿಲ್ಲ.

ಮದುವೆಯಾಗಿ ಅವಳು ಹೋದದ್ದು ಎರಡು ಓಣಿ ಆಚೆ. ಗಂಡ ಅಣ್ಣಿಗೇರಿಯ ಹತ್ತಿ ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮುಬಶಿರಾ ಹತ್ತು ವರ್ಷದಿಂದ ತಹಶೀಲ್ದಾರ ಕಚೇರಿಯ ಎದುರಿನ ಗೌರೀಶ ಎಂಬವರ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುತ್ತಾಳೆ. ಪಹಣಿ ತಿದ್ದುಪಡಿಯ ಅರ್ಜಿ, ಆಸ್ತಿ ಹಂಚಿಕೆಯ ವಾಟ್ನಿ ಪತ್ರ, ಮದುವೆಯ ಆಮಂತ್ರಣ, ನೀರು ಬಂದಿಲ್ಲವೆಂಬ ತಕರಾರು, ಎಲ್ಲವೂ ಅವಳ ಬೆರಳಿನಿಂದಲೇ ಹೊರಬರುತ್ತವೆ. ಎದುರಿಗೆ ಕೂತವರು ಮಾತು ಮುಗಿಸುವಷ್ಟರಲ್ಲಿ ಅವಳ ಸಾಲು ಮುಗಿದಿರುತ್ತದೆ. ಕೀಲಿಗಳನ್ನು ನೋಡುವುದಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ಮತ್ತೆ ವಿದ್ಯಾರ್ಥಿನಿಯಾಗಿ ಬೆಂಚಿನ ಮೇಲೆ ಕೂತದ್ದು ತಾಯಿಯ ಮಗ್ಗದ ಕಾರಣಕ್ಕೆ.

ಜಮಾಲಬಿ ನೇಯ್ದ ಜಮಖಾನೆಗಳನ್ನು ವರ್ಷಕ್ಕೆರಡು ಸಲ ಬಂದು ಒಯ್ಯುತ್ತಿದ್ದ ವ್ಯಾಪಾರಿ ಬರುವುದನ್ನು ನಿಲ್ಲಿಸಿದ್ದ. ಹನ್ನೊಂದು ಜಮಖಾನೆಗಳು ಬೇವಿನ ಎಲೆಯ ನಡುವೆ ಮಡಚಿಕೊಂಡು ಟ್ರಂಕಿನಲ್ಲಿ ಉಳಿದವು. ಮುಬಶಿರಾಳ ತಮ್ಮ ಆಸೀಫ್ ಇನ್ವರ್ಟರ್ ಬ್ಯಾಟರಿಗಳ ವ್ಯಾಪಾರಿ, ಬಸ್ ನಿಲ್ದಾಣದ ಬಳಿ ಒಂದು ತಗಡಿನ ಶೆಡ್ಡಿನಲ್ಲಿ. ಬೀದಿಗೆ ತೆರೆದುಕೊಂಡಿರುವ ಮಗ್ಗದ ಕೋಣೆ ಅವನ ಅಂಗಡಿಗೆ ಬೇಕಾಗಿತ್ತು. ಅವನು ಕೆಟ್ಟವನಲ್ಲ, ಲೆಕ್ಕದ ಮನುಷ್ಯ. ಬರುವ ರಂಜಾನ್ ಹಬ್ಬದೊಳಗೆ ಟ್ರಂಕು ಖಾಲಿಯಾದರೆ ಮಗ್ಗ ಇರಲಿ, ಇಲ್ಲದಿದ್ದರೆ ಬಿಚ್ಚೋಣ ಎಂದು ತಾಯಿಗೆ ಹೇಳಿದ. ಜಮಾಲಬಿಯವರಿಗೆ ಅರವತ್ತನಾಲ್ಕು ವರ್ಷ. ಅವರು ಅದನ್ನು ಕೇಳಿಸಿಕೊಂಡು, ಹಣಿಗೆ ಎತ್ತಿ ಮುಂದಿನ ಸಾಲು ಹೊಡೆದರು.

ಅದೇ ವಾರ ಮುಬಶಿರಾಳ ಗಂಡ ಅಣ್ಣಿಗೇರಿಯ ಕಾಲೇಜಿನ ಗೇಟಿಗೆ ಹಚ್ಚಿದ್ದ ಕಾಗದದ ಫೋಟೊ ತೆಗೆದುಕೊಂಡು ಬಂದ. ಮಹಿಳೆಯರಿಗೆ ಭಾನುವಾರದ ತರಗತಿ, ಅಂತರ್ಜಾಲದಲ್ಲಿ ಸ್ವಂತ ಪುಟ ಮಾಡಿ ವ್ಯಾಪಾರ ನಡೆಸುವುದನ್ನು ಕಲಿಸಲಾಗುವುದು ಎಂದಿತ್ತು. ನವಲಗುಂದದಿಂದ ಹೊರಟ ಬಸ್ಸು ಶಲವಡಿಯಲ್ಲಿ ತುಂಬುತ್ತದೆ. ಅಲ್ಲಿಂದ ಮುಂದೆ ಅವಳು ಬಹುಪಾಲು ನಿಂತೇ ಬರುತ್ತಿದ್ದಳು. ಕಿಟಕಿಯಾಚೆ ಕರಿಮಣ್ಣಿನ ಹೊಲಗಳಲ್ಲಿ ಕಡಲೆ ಹೂ ಬಿಟ್ಟ ದಿನಗಳು. ತರಗತಿಯಲ್ಲಿ ನನ್ನನ್ನೂ ಸೇರಿಸಿ ಹನ್ನೆರಡು ಮಂದಿ. ಎಲ್ಲರಿಗಿಂತ ಹಿರಿಯಳು ಅವಳೇ, ಎಲ್ಲರಿಗಿಂತ ಬೇಗ ಟೈಪು ಮಾಡುವವಳೂ ಅವಳೇ.

ಕಲಿಸುತ್ತಿದ್ದವರು ದಾನೇಶ್ವರಿ ಮೇಡಂ. ಬರೆದದ್ದು ಪುಟದ ಮೇಲೆ ಹೇಗೆ ಕಾಣಬೇಕೆಂದು ಕಂಪ್ಯೂಟರಿಗೆ ಹೇಳುವ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ, ತೆರೆದ ಟ್ಯಾಗನ್ನು ಮುಚ್ಚದೆ ಮುಂದೆ ಹೋಗಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ಮುಬಶಿರಾ ಒಂದು ಕಡೆ ಮುಚ್ಚುವುದನ್ನು ಮರೆತಳು. ತಲೆಬರಹಕ್ಕೆ ಮಾತ್ರ ಬರಬೇಕಾದ ದಪ್ಪ ಅಕ್ಷರ ಪುಟದ ಕೊನೆಯ ಸಾಲಿನವರೆಗೂ ಹರಿಯಿತು. ಅವಳು ತೆರೆಯ ಮುಂದೆ ಕೈಕಟ್ಟಿ ಕೂತು, "ಪುಟ ಒಂದ ಸಮ ಒದರಾಕ ಹತ್ತೇತಿ ನೋಡ್ರಿ ಮೇಡಂ" ಎಂದಳು. ಮೇಡಂ ನಕ್ಕರು, ಅವಳು ನಗಲಿಲ್ಲ.

ಎರಡನೆಯ ಸೋಲು ಅವಳಿಗೆ ಹೆಚ್ಚು ನೋವು ಕೊಟ್ಟಿತು. ಅಂಗಡಿಯಲ್ಲಿ ಹತ್ತು ವರ್ಷ ಬಳಸಿದ ಹಳೆಯ ಅಕ್ಷರಶೈಲಿಯಲ್ಲೇ ಅವಳು ಎರಡು ಪುಟ ಟೈಪು ಮಾಡಿ ತಂದಿದ್ದಳು. ಅದನ್ನು ಅಂತರ್ಜಾಲಕ್ಕೆ ಏರಿಸಿ ಫೋನಿನಲ್ಲಿ ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಆ ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಎಲ್ಲ ಫೋನುಗಳೂ ಓದಬೇಕಾದರೆ ಯೂನಿಕೋಡಿನಲ್ಲಿ ಬರೆಯಬೇಕು ಎಂದು ಮೇಡಂ ತಿಳಿಸಿದರು. ಅವಳು ಎರಡೂ ಪುಟಗಳನ್ನು ಮೊದಲಿನಿಂದ ಟೈಪು ಮಾಡಿದಳು. ತನ್ನ ಬರಹ ತನ್ನ ಅಂಗಡಿಯ ಹೊರಗೆ ಓದಲು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಪ್ರತಿಯೊಬ್ಬರೂ ತಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಒಂದು ಪುಟ ಮಾಡಬೇಕಿತ್ತು. ಶಲವಡಿಯಿಂದ ಬರುತ್ತಿದ್ದ ನಂದಾ ತನ್ನ ಅತ್ತೆ ಮಾರುವ ಕಡಕ್ ರೊಟ್ಟಿಯನ್ನು ಆರಿಸಿಕೊಂಡಳು. ಮುಬಶಿರಾ ತಾಯಿಯ ಜಮಖಾನೆಯನ್ನು ಬರೆದುಕೊಟ್ಟಳು. ಅದು ಅವಳಿಗೆ ಚೆನ್ನಾಗಿ ಗೊತ್ತಿದೆಯೇ ಎಂದು ಯಾರೂ ಕೇಳಲಿಲ್ಲ.

ಒಂದು ಶುಕ್ರವಾರ ಅವಳು ಆಸೀಫನ ಹೆಂಡತಿ ಖುಷ್ಬೂಳನ್ನು ಕರೆದುಕೊಂಡು ಹನ್ನೊಂದು ಜಮಖಾನೆಗಳನ್ನೂ ಮಾಳಿಗೆಗೆ ಒಯ್ದು, ಬೆಳಗಿನ ಬಿಸಿಲಿನಲ್ಲಿ ಒಂದೊಂದರ ಫೋಟೊ ತೆಗೆದಳು. ಕೆಂಪು, ಹಳದಿ, ಕಪ್ಪು, ನಡುವೆ ಸಾಲಾಗಿ ನವಿಲುಗಳು. ಪ್ರತಿ ಚಿತ್ರದ ಜೊತೆಗೂ, ಕಣ್ಣು ಕಾಣದವರಿಗೆ ಫೋನು ಓದಿ ಹೇಳಲೆಂದು, ಚಿತ್ರದಲ್ಲೇನಿದೆ ಎಂಬುದನ್ನು ಮಾತಿನಲ್ಲಿ ಬರೆಯಬೇಕೆಂದು ಮೇಡಂ ಹೇಳಿದ್ದರು. ಆಗ ಮುಬಶಿರಾ ನಿಂತುಬಿಟ್ಟಳು. ನವಿಲು ಅವಳಿಗೆ ಗೊತ್ತಿತ್ತು, ಪಗಡೆಯ ಪಟ ಗೊತ್ತಿತ್ತು. ಅಂಚಿನಲ್ಲಿ ಹಲ್ಲಿನಂತೆ ಓಡುವ ಗೆರೆಗೆ ಏನೆನ್ನುತ್ತಾರೆ? ಮೂಲೆಯ ಚೌಕದೊಳಗಿನ ಚೌಕಕ್ಕೆ? ಅವಳು ಖುಷ್ಬೂಳನ್ನು ಕೇಳಿದಳು. ಖುಷ್ಬೂ ಉತ್ತರ ಕೊಡುವ ಮೊದಲು ಮೆಟ್ಟಿಲ ಬಾಯಲ್ಲಿ ಕೂತಿದ್ದ ಅತ್ತೆಯ ಮುಖ ನೋಡಿದಳು. ಜಮಾಲಬಿ ಬೇರೆಲ್ಲೋ ನೋಡುತ್ತಿದ್ದರು. ಖುಷ್ಬೂ ಎರಡು ಹೆಸರು ಹೇಳಿ, ಉಳಿದದ್ದು ತನಗೂ ಸರಿಯಾಗಿ ಗೊತ್ತಿಲ್ಲವೆಂದಳು.

ಅಳತೆಗೆ ಮಾತ್ರ ತೊಡಕಾಗಲಿಲ್ಲ. ಮುಬಶಿರಾ ಕೇಳುತ್ತ ಹೋದಳು, ಜಮಾಲಬಿ ಕೂತಲ್ಲಿಂದಲೇ ಹೇಳುತ್ತ ಹೋದರು. ಇದು ನಾಲ್ಕು ಮೊಳ ಉದ್ದ, ಎರಡು ಅಗಲ. ಅದು ಐದು, ಮೂರು. ಇದು ಮೂರು, ಎರಡು. ಹತ್ತು ವರ್ಷ ಅರ್ಜಿಗಳಲ್ಲಿ ಅಳತೆ ಬರೆದವಳಿಗೆ ಮೊಳವೆಂದರೆ ಒಂದೂವರೆ ಅಡಿ. ಕೊಳ್ಳುವವರಿಗೆ ಅಡಿಯಲ್ಲಿ ಬೇಕು. ಆ ಭಾನುವಾರ ತರಗತಿಯಲ್ಲಿ ಆಗಷ್ಟೇ ಕಲಿತಿದ್ದ ಒಂದು ಸಾಲಿನ ಸೂತ್ರ ಬರೆದು, ಹನ್ನೊಂದರ ಉದ್ದ ಅಗಲಗಳನ್ನೂ ಒಂದೇ ಏಟಿಗೆ ಅಡಿಗೆ ತಿರುಗಿಸಿದಳು. ಅಂಕಿಗಳು ತಾವಾಗಿಯೇ ಬದಲಾದದ್ದನ್ನು ನೋಡಿ ಅವಳ ಮುಖದಲ್ಲಿ ಅಪರೂಪದ ಸಂತೋಷವಿತ್ತು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಲೆಕ್ಕ ನನಗೂ ಸರಿಯೆಂದೇ ಕಂಡಿತು.

ಪುಟದ ಮೇಲೆ ತಾಯಿಯ ಹೆಸರನ್ನೇ ಹಾಕಿದಳು. ಜಮಾಲಬಿಯವರ ಜಮಖಾನೆಗಳು. ಕೆಳಗೆ ಫೋನ್ ನಂಬರು, ಬೇಕಾದವರು ತುಂಬಿ ಕಳಿಸುವ ಒಂದು ಫಾರ್ಮು, ಅದರ ಕೆಳಗೆ ಕೊಂಡವರು ಅಭಿಪ್ರಾಯ ಬರೆಯುವ ಜಾಗ. ಮೊದಲ ವಾರ ಯಾರೂ ಬರಲಿಲ್ಲ. "ಏನ ಆಪಾ, ಜಗತ್ತಿನ ತುಂಬ ಅಂಗಡಿ ತಗದಿ, ಗಿರಾಕಿನ ಇಲ್ಲಲ್ಲ" ಎಂದು ಆಸೀಫ್ ಅಕ್ಕನನ್ನು ಕಾಡಿದ. ಮೂರನೆಯ ವಾರ ಹುಬ್ಬಳ್ಳಿಯಿಂದ ಒಬ್ಬರು ಬರೆದರು. ಆಮೇಲೆ ಮೈಸೂರು, ಪುಣೆ, ಬೆಳಗಾವಿ. ಒಂದೂವರೆ ತಿಂಗಳಲ್ಲಿ ನಾಲ್ಕು ಹೋದವು. ಟ್ರಂಕಿನಲ್ಲಿ ಏಳು ಉಳಿದವು. ಹಬ್ಬಕ್ಕೆ ಇನ್ನೂ ಐದು ವಾರವಿತ್ತು. ಆಸೀಫ್ ಕಾಡುವುದನ್ನು ನಿಲ್ಲಿಸಿ, ಪಾರ್ಸೆಲ್ ಕಟ್ಟಲು ಬ್ಯಾಟರಿಯ ರಟ್ಟಿನ ಡಬ್ಬಿಗಳನ್ನು ತಾನೇ ತಂದುಕೊಡತೊಡಗಿದ.

ಬೆಳಗಾವಿಯವರ ಹೆಸರು ಸುಧಾರಾಣಿ, ನಿವೃತ್ತ ಶಿಕ್ಷಕಿ. ಅವರು ಪುಟದ ಕೆಳಗೆ ಬರೆದರು: "ಆರು ಅಡಿ ಎಂದು ಬರೆದು ಐದೂವರೆ ಅಡಿಯದನ್ನು ಕಳಿಸಿದ್ದಾರೆ. ನಮ್ಮ ಪಡಸಾಲೆಯ ಮಂಚ ಆರು ಅಡಿಯದು, ಅರ್ಧ ಅಡಿ ಹಲಗೆ ಬರಿದಾಗಿ ಉಳಿಯುತ್ತದೆ. ನೇಯ್ಗೆ ಚೆನ್ನಾಗಿದೆ. ಅಳತೆ ಸುಳ್ಳು."

ಅಂಗಡಿಯಲ್ಲಿ ಯಾರದೋ ವಾರಸಾ ಅರ್ಜಿಯ ನಡುವೆ ಮುಬಶಿರಾ ಅದನ್ನು ಓದಿದಳು. ಅರ್ಜಿ ಮುಗಿಸಿಕೊಟ್ಟು, ಗೌರೀಶರಿಗೆ ಹೇಳಿ, ಪಕ್ಕದ ದರ್ಜಿಯ ಅಂಗಡಿಯಿಂದ ಟೇಪು ತೆಗೆದುಕೊಂಡು ತವರಿಗೆ ಹೋದಳು. ಟ್ರಂಕಿನಲ್ಲಿದ್ದ ನಾಲ್ಕು ಮೊಳದ ಇನ್ನೊಂದು ಜಮಖಾನೆಯನ್ನು ಹಾಸಿ ಅಳೆದಳು. ಎಪ್ಪತ್ತೆರಡು ಇಂಚು ಇರಬೇಕಾದದ್ದು ಅರವತ್ತಾರಿತ್ತು. ಮತ್ತೊಂದನ್ನು ಬಿಚ್ಚಿದಳು. ಅದೂ ಹಾಗೆಯೇ.

ಮನೆಯೊಳಗೆ ಅವರ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಖುಷ್ಬೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಮೊಳ ಅಂದ್ರ ಹದಿನೆಂಟು ಇಂಚು ಹೌದಲ್ಲ?" ಎಂದಳು ಮುಬಶಿರಾ.

"ಅದು ಪ್ಯಾಟಿ ಮೊಳ ಇರಬೇಕ್ರಿ ಆಪಾ. ನಮ್ಮನಿ ಮೊಳ ಅಲ್ಲ."

ಆಮೇಲೆ ಖುಷ್ಬೂ ಹೇಳಿದಳು. ಸೊಸೆಯಾದವಳು ಮೊದಲ ಸಲ ಮಗ್ಗದ ಹಲಗೆಯ ಮೇಲೆ ಕೂತ ದಿನ ಅತ್ತೆ ತನ್ನ ತೋಳನ್ನು ಅವಳ ತೋಳಿಗೆ ಒತ್ತಿ ಇಡುತ್ತಾಳೆ. ಅತ್ತೆಯ ಮೊಳ ಸೊಸೆಯ ಕೈಯಲ್ಲಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ಸೊಸೆಯ ಮೊಳ. ಖುಷ್ಬೂಳ ಕೈ ಉದ್ದ. ಅವಳ ಮೊಳ ನಡುಬೆರಳಿನ ಎರಡನೆಯ ಗೆಣ್ಣಿಗೇ ಮುಗಿಯುತ್ತದೆ. ಹನ್ನೆರಡು ವರ್ಷದಿಂದ ಅವಳು ಹಾಗೆಯೇ ಅಳೆಯುತ್ತಿದ್ದಾಳೆ. ಮನೆಯ ಮಗಳಿಗೇ ಇದು ಗೊತ್ತಿಲ್ಲವೆಂಬುದು ಅವಳಿಗೆ ಹೊಳೆದಿರಲಿಲ್ಲ.

ಮುಬಶಿರಾ ಟೇಪು ಸುತ್ತುತ್ತ ಕೂತಳು. ಈ ಮನೆಯಲ್ಲಿ ಹುಟ್ಟಿದವಳು ತಾನು. ನಮ್ಮನೆ ಎಂದವಳು ಖುಷ್ಬೂ, ಅದು ತಪ್ಪೂ ಅಲ್ಲ.

ಸುದ್ದಿ ಕೇಳಿ ಆಸೀಫ್ ಬಂದ. ಅವನ ಸಲಹೆ ಸುಲಭದ್ದು. ಆ ದೂರನ್ನು ಅಳಿಸಿಬಿಡುವುದು, ಪುಟ ಅಕ್ಕನದೇ, ಅಳಿಸುವ ಗುಂಡಿ ಅಕ್ಕನ ಕೈಯಲ್ಲೇ ಇದೆ. ಉಳಿದ ಮೂವರು ಏನೂ ಅಂದಿಲ್ಲ, ಅವರಿಗೆ ಏನೂ ಬರೆಯುವುದು ಬೇಡ. ಇನ್ನು ಮುಂದೆ ಅಮ್ಮ ಟೇಪು ಹಿಡಿದೇ ನೇಯಲಿ.

ಜಮಾಲಬಿ ಮಗನನ್ನು ನೋಡಿದರು. "ಅರ್ಧ ಮೊಳಕ್ಕೊಂದು ನವಿಲು ಬರ್ತೈತಿ ಲೇ" ಎಂದರು. "ನಿನ್ನ ಟೇಪಿನ ಲೆಕ್ಕಕ್ಕ ನೇಯ್ದ್ರ ಕಡೀಕ ಉಳದದ್ದರಾಗ ಏನ ಹಾಕಲಿ? ನವಲಿನ ಕುತ್ತಿಗಿ ಅಷ್ಟ ಹಾಕಲೇನು?"

ಆಸೀಫ್ ನಕ್ಕುಬಿಟ್ಟ. ಅವರು ನಗದೆ ಮಗಳ ಕಡೆ ತಿರುಗಿದರು.

"ಅದರ ಮ್ಯಾಲೆ ನನ್ನ ಹೆಸರು ಹಾಕೀದಿ. ನನ್ನ ಮೊಳ ಬದಲಾಗೂದಿಲ್ಲ. ನಿನ್ನ ಬರಿಯೂದು ಬದಲ ಮಾಡು."

ಬರೆಯುವುದನ್ನು ಬದಲಿಸಬೇಕಾದರೆ ಮೊಳ ಎಷ್ಟು ಇಂಚೆಂದು ತಿಳಿಯಬೇಕಿತ್ತು. ಮುಬಶಿರಾ ತಾಯಿಯ ಮೊಣಕೈಗೆ ಟೇಪಿನ ತುದಿ ಹಿಡಿದಳು. ನಡುಬೆರಳಿನ ತುದಿಗೆ ಹದಿನೇಳೂವರೆ ಬಂತು. ಜಮಖಾನೆಯ ಲೆಕ್ಕಕ್ಕೆ ಅದು ಹೊಂದುತ್ತಿರಲಿಲ್ಲ. ಜಮಾಲಬಿ ಅಂಗೈ ಮೇಲೆ ಮಾಡಿ, ನಡುಬೆರಳಿನ ಮೇಲಿನ ಗೆರೆ ತೋರಿಸಿದರು. "ಇಲ್ಲಿತನಕ. ಇದು ನಮ್ಮತ್ತಿದು." ಹದಿನಾರೂವರೆ ಇಂಚು. ಆ ಅತ್ತೆ ಗಿಡ್ಡ ಹೆಂಗಸಾಗಿದ್ದಳು ಎಂಬುದಷ್ಟೇ ಮುಬಶಿರಾಳಿಗೆ ಅಜ್ಜಿಯ ನೆನಪು. ಅವಳ ತೋಳು ಎಷ್ಟು ಉದ್ದವಿತ್ತೆಂದು ಈಗ ಗೊತ್ತಾಯಿತು.

ಅವಳು ಅಂಕಿ ಬರೆದುಕೊಳ್ಳುತ್ತಿರುವಾಗ ಜಮಾಲಬಿ ಅವಳ ಎಡಗೈ ಎಳೆದು ತಮ್ಮ ತೋಳಿನ ಪಕ್ಕ ಇಟ್ಟುಕೊಂಡರು. ತಾಯಿ ಮಗಳ ತೋಳು ಒಂದೇ ಉದ್ದ. ಗೆರೆಯೂ ಒಂದೇ ಜಾಗಕ್ಕೆ ಬಿತ್ತು. ಅವರು ಒಂದು ಕ್ಷಣ ನೋಡಿ, ಕೈ ಬಿಟ್ಟು, ಎದ್ದು ಚಹಾಕ್ಕಿಡಲು ಹೋದರು.

ಮರುದಿನ ಮುಬಶಿರಾ ಸುಧಾರಾಣಿಯವರ ದೂರಿನ ಕೆಳಗೆ ಬರೆದಳು. ಅಳಿಸಲಿಲ್ಲ. "ಈ ಜಮಖಾನೆಗಳನ್ನು ಟೇಪಿನಿಂದ ಅಳೆದು ನೇಯುವುದಿಲ್ಲ. ಜಮಾಲಬಿಯವರ ಅತ್ತೆಯ ಮೊಳದಿಂದ ನೇಯುತ್ತಾರೆ. ಆ ಮೊಳ ಹದಿನಾರೂವರೆ ಇಂಚು. ನಾನು ಅದನ್ನು ಕೇಳದೆ ಹದಿನೆಂಟು ಎಂದು ಲೆಕ್ಕ ಹಾಕಿದೆ. ತಪ್ಪು ನೇಯ್ದವರದಲ್ಲ, ಬರೆದವಳದು. ಬೇಡವಾದವರು ವಾಪಸ್ಸು ಕಳಿಸಬಹುದು." ಇದನ್ನೇ ಉಳಿದ ಮೂವರಿಗೂ ಕಳಿಸಿದಳು. ಸೂತ್ರದಲ್ಲಿ ಒಂದು ಅಂಕಿ ತಿದ್ದಿದಳು. ಟ್ರಂಕಿನಲ್ಲಿದ್ದ ಏಳೂ ಜಮಖಾನೆಗಳು ಪುಟದ ಮೇಲೆ ಒಟ್ಟಿಗೆ ಗಿಡ್ಡವಾದವು. ಪ್ರತಿ ಅಡಿಯ ಲೆಕ್ಕದ ಮುಂದೆ ಮೊಳವನ್ನೂ ಬರೆದಳು.

ಖುಷ್ಬೂ ಫೋನಿನಲ್ಲಿ ಅದನ್ನು ಓದಿ ಅತ್ತೆಗೆ ಕೇಳಿಸಿದಳು. "ಮನಿತನದ ಮೊಳಾ ಊರ ಮಂದಿ ಫೋನಿನಾಗ ಬಂತಲ್ರಿ ಅಮ್ಮಾ. ನನಗ ಹೇಳಾಕ ನಿಕಾಹ್ ಆಗೂತನಕ ಕಾಯಿಸಿದ್ರಿ" ಎಂದು ಚುಚ್ಚಿದಳು.

"ಮೊಳಾ ಅಷ್ಟ ಹೇಳೇನಿ" ಎಂದರು ಜಮಾಲಬಿ. "ನವಿಲು ಹೇಳಿಲ್ಲ."

ಹುಬ್ಬಳ್ಳಿಯದೂ ಪುಣೆಯದೂ ವಾಪಸ್ಸು ಬಂದವು. ಮೈಸೂರಿನವರು ಪರವಾಗಿಲ್ಲ ಎಂದರು. ಬೆಳಗಾವಿಯಿಂದ ಉತ್ತರವಿರಲಿಲ್ಲ. ಟ್ರಂಕಿನಲ್ಲಿ ಮತ್ತೆ ಒಂಬತ್ತಾದವು. ಆಮೇಲೆ ಒಂದೇ ಒಂದು ಹೋಯಿತು. ಹಬ್ಬ ಹತ್ತಿರ ಬಂದಾಗ ಮುಬಶಿರಾ ಲೆಕ್ಕ ಹಾಕುವುದನ್ನು ಬಿಟ್ಟಳು. ಆಸೀಫ್ ಬಡಿಗೇರನಿಗೆ ಹೇಳಿ ಇಟ್ಟಿದ್ದ. ಗೋಡೆಗೆ ನೆಟ್ಟಗೆ ನಿಲ್ಲಿಸಿದ ಆ ಮಗ್ಗದ ಕಂಬಗಳು ನೆಲದೊಳಗೆ ಹೂತಿವೆ. ತೆಗೆಯಬೇಕಾದರೆ ಕಲ್ಲು ಎಬ್ಬಿಸಬೇಕು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಸುಧಾರಾಣಿಯವರ ಫಾರ್ಮು ಬಂತು. ಬಂದಿರುವ ಜಮಖಾನೆಯನ್ನು ಮಗಳಿಗೆ ಕೊಟ್ಟಿದ್ದಾರೆ. ಮಂಚಕ್ಕೆ ಹೊಸದು ಬೇಕು. ಹದಿನಾರೂವರೆಯ ಲೆಕ್ಕದಲ್ಲಿ ತಾವೇ ಕೂಡಿಸಿ ನೋಡಿದ್ದಾರೆ, ನಾಲ್ಕೂವರೆ ಮೊಳವಾದರೆ ಎರಡು ಇಂಚು ಮಂಚದಿಂದ ಇಳಿಬೀಳುತ್ತದೆ, ಬೀಳಲಿ. ನೇಯ್ದು ಕೊಡಲಾದೀತೆ?

ಮುಬಶಿರಾ ಓದಿ ಹೇಳಿದಾಗ ಜಮಾಲಬಿ ಕೇಳಿದ್ದು ಬಣ್ಣವನ್ನು ಮಾತ್ರ. ಒಂಬತ್ತು ನವಿಲು ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಖುಷ್ಬೂಳನ್ನು ಕರೆದು, ಅದೇ ಮಧ್ಯಾಹ್ನ ಮಗ್ಗಕ್ಕೆ ನೂಲು ಕಟ್ಟಿದರು.

ಹಬ್ಬ ಮುಗಿದ ಮರುದಿನ ಆಸೀಫ್ ಬಡಿಗೇರನ ಜೊತೆ ಬಂದ. ಮಗ್ಗದ ತುಂಬ ನೂಲು ಬಿಗಿದು ನಿಂತಿತ್ತು, ಬುಡದಲ್ಲಿ ನಾಲ್ಕು ಬೆರಳಿನಷ್ಟು ಕೆಂಪು ಅಂಚು ಏರಿತ್ತು. ನೂಲು ಕಟ್ಟಿದ ಮಗ್ಗವನ್ನು, ನೇಯ್ದದ್ದನ್ನು ಕತ್ತರಿಸಿ ಇಳಿಸುವ ತನಕ ಅಲುಗಿಸಬಾರದು. ಹಣಿಗೆ ಹಿಡಿಯದಿದ್ದರೂ ಆ ಮನೆಯ ಗಂಡಸರಿಗೆ ಇಷ್ಟು ಗೊತ್ತು.

"ಹನ್ನೊಂದು ಹೋಗಬೇಕಿತ್ತು ಅಮ್ಮಾ. ಮಾತ ಆಗಿತ್ತಲ್ಲ."

"ಆಗಿತ್ತು. ಇದನ್ನ ಇಳಿಸಿದ ಮ್ಯಾಲೆ ಬಿಚ್ಚು."

ಅವನು ಬಡಿಗೇರನನ್ನು ಚಹಾ ಕುಡಿಸಿ ಕಳಿಸಿದ. ಒಂದು ಜಮಖಾನೆಗೆ ಎಷ್ಟು ದಿನ ಬೇಕೆಂದು ಖುಷ್ಬೂಳನ್ನು ಕೇಳಿದ, ಅವಳು ಅಡುಗೆಮನೆಗೆ ಹೋದಳು. ಬ್ಯಾಟರಿಗಳು ಬಸ್ ನಿಲ್ದಾಣದ ಬಳಿಯ ತಗಡಿನ ಶೆಡ್ಡಿನಲ್ಲೇ ಉಳಿದವು.

ಮುಬಶಿರಾಳಿಗೆ ದಾರಿ ಕಂಡದ್ದು ಆಗ. ಆ ಭಾನುವಾರ ಅವಳು ಅಣ್ಣಿಗೇರಿಗೆ ಬಂದು ಪುಟವನ್ನು ಬದಲಿಸಿದಳು. ಟ್ರಂಕಿನಲ್ಲಿದ್ದವುಗಳನ್ನು ಕೆಳಗೆ ಸರಿಸಿ, ಮೇಲೆ ಹೊಸ ಫಾರ್ಮು ಇಟ್ಟಳು. ಉದ್ದ ಎಷ್ಟು ಮೊಳ, ಅಗಲ ಎಷ್ಟು ಮೊಳ, ಯಾವ ಬಣ್ಣ. ಬರೆದರೆ ನೇಯ್ದು ಕೊಡುತ್ತೇವೆ, ಎರಡು ತಿಂಗಳು ಕಾಯಬೇಕು. ಪೂರ್ತಿ ಮೊಳ, ಅರ್ಧ ಮೊಳ ಬಿಟ್ಟು ಕಾಲು, ಮುಕ್ಕಾಲು ಹಾಕಿದರೆ ಫಾರ್ಮು ಒಪ್ಪದಂತೆ ಮಾಡಿದಳು. ಒಂದು ಜಮಖಾನೆ ಇಳಿಯುವ ಮೊದಲು ಇನ್ನೊಂದಕ್ಕೆ ಬೇಡಿಕೆ ಬಂದರೆ ಮಗ್ಗಕ್ಕೆ ಮತ್ತೆ ನೂಲು ಬೀಳುತ್ತದೆ. ಬಾರದಿದ್ದರೆ ಮಗ್ಗ ಬಿಚ್ಚುವುದೇ. ದಾನೇಶ್ವರಿ ಮೇಡಂ ಎರಡು ಕಡೆ ತಿದ್ದಿಕೊಟ್ಟರು.

ಏಳು ನವಿಲಾಯಿತು, ಎಂಟಾಯಿತು. ಫಾರ್ಮು ಬರಲಿಲ್ಲ. ಒಂಬತ್ತನೆಯ ನವಿಲಿಗೆ ಬಂದಾಗ ಮಗ್ಗದ ಸದ್ದು ನಿಧಾನವಾಯಿತು. ಖುಷ್ಬೂ ಅದನ್ನು ಮುಬಶಿರಾಳಿಗೆ ಫೋನಿನಲ್ಲಿ ಹೇಳಿದಳು. ಸಂಜೆ ಅಂಗಡಿಯಿಂದ ಬರುವ ಮಗಳನ್ನು ನೋಡಿ ಜಮಾಲಬಿ ಪ್ರತಿದಿನ ಒಂದೇ ಮಾತು ಕೇಳುತ್ತಿದ್ದರು. "ಯಾರರ ಬರದಾರೇನು?" ಇಲ್ಲವೆಂದು ಹೇಳಿ ಅವಳು ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಮೇಲಿನ ಅಂಚಿಗೆ ಒಂದು ಗೇಣು ಉಳಿದಿತ್ತು, ಆಮೇಲೆ ನಾಲ್ಕು ಬೆರಳು.

ಬಂದದ್ದು ದೂರದಿಂದಲ್ಲ. ಬಸ್ಸಿಗೆ ಕಾಲು ಗಂಟೆಯ ದಾರಿಯ ಯಮನೂರಿನಿಂದ. ಬರೆದವಳ ಹೆಸರು ಜಾಸ್ಮಿನ್. ನವಲಗುಂದದಲ್ಲಿ ಯಾವ ಮನೆಯಲ್ಲಿ ನೇಯುತ್ತಾರೆಂದು ಇಷ್ಟು ದಿನ ಗೊತ್ತಿರಲಿಲ್ಲ, ಫೋನಿನಲ್ಲಿ ಕಂಡಿತು ಎಂದು ಬರೆದಿದ್ದಳು. ನಮಾಜಿಗೆ ಹಾಸುವ ಜಮಖಾನೆ ಬೇಕು. ಉದ್ದ ಎರಡೂವರೆ, ಅಗಲ ಒಂದೂವರೆ, ನಿಮ್ಮ ಮೊಳದಲ್ಲಿ.

ಮುಬಶಿರಾ ಅಂಗಡಿಯಿಂದ ಮಧ್ಯಾಹ್ನವೇ ಎದ್ದು ಬಂದು ಓದಿ ಹೇಳಿದಳು. ಸಣ್ಣದು, ಜಮಾಲಬಿ ಹಿಂದೆಲ್ಲ ಇಂಥದನ್ನು ದೊಡ್ಡ ಕೆಲಸದ ನಡುವೆ ನೇಯ್ದು ಕೊಡುತ್ತಿದ್ದದ್ದು. ಅವರು ಅಳತೆಯನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಉಳಿದ ನಾಲ್ಕು ಬೆರಳನ್ನು ಸಂಜೆಯೊಳಗೆ ಮುಗಿಸಿ, ಹಲಗೆಯ ಮೇಲಿಂದ ಇಳಿಯದೆ, ನೇಯ್ದದ್ದನ್ನು ಇಳಿಸಿ ಮುಂದಿನದಕ್ಕೆ ನೂಲು ಕಟ್ಟಲು, ಕೈ ಚಾಚಿ ಮಗಳನ್ನು ಕತ್ತರಿ ಕೇಳಿದರು.